ಹೆಬ್ಬೆಟ್ಟು ಒತ್ತದ ದೊಡ್ಡಿ

ಮೇಘಾಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ರಾಯಚೂರಿನ ಆ ಆಫೀಸಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಹೇಳಲಿ. ಸಿಟ್ಟು ಬರುವಂಥ ಕೆಲಸ ದಿನಕ್ಕೆ ನಾಲ್ಕು ಮಾಡಿ, ಎದುರಿಗೆ ನಿಂತವಳು ಮಾತ್ರ ತಣ್ಣಗೆ ನಗುತ್ತಿರಬೇಕು ಅಂದರೆ ಅದು ಯಾವ ಊರಿನ ನ್ಯಾಯ? ಮೂವತ್ತಾರರ ಹೆಂಗಸು, ಬಿ.ಎ., ಬಿ.ಎಡ್. ಮಾಡಿದವಳು, ಏಳು ವರ್ಷ ಅತಿಥಿ ಶಿಕ್ಷಕಿಯಾಗಿ ಮಾನ್ವಿ ತಾಲ್ಲೂಕಿನ ಊರೂರು ಸುತ್ತಿದವಳು. ಅತಿಥಿಯಂತೆ, ಅತಿಥಿ! ಜೂನಿನಲ್ಲಿ ಕರೆದು ಮಾರ್ಚಿನಲ್ಲಿ ಹೊರಗೆ ಹಾಕುವ ಅತಿಥಿಯನ್ನು ನೀವು ಬೇರೆಲ್ಲಾದರೂ ನೋಡಿದ್ದೀರಾ? ಕೊನೆಗೆ ಬೇಸತ್ತು, ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿದ್ದ ‘ಹೊಸಗಾಲ’ ಎಂಬ ಸಂಸ್ಥೆಗೆ ಸೇರಿಕೊಂಡಳು. ಹಳ್ಳಿಯ ಶಾಲೆಗಳನ್ನು ಸುಧಾರಿಸುವುದು ಆ ಸಂಸ್ಥೆಯ ಕೆಲಸ. ಸುಧಾರಿಸುವುದಕ್ಕೆ ಮೊದಲು ಅನುದಾನ ಸಿಗಬೇಕಲ್ಲ, ಅದನ್ನು ಕೇಳುವ ಪ್ರಸ್ತಾವನೆ ಬರೆಯುವುದು ಮೇಘಾಳ ಕೆಲಸ.

ಅವಳು ಮಲ್ಲಟದಲ್ಲಿ ಹುಟ್ಟಿದವಳು. ಅಪ್ಪ ರಾಮಲಿಂಗಪ್ಪ ಮಾನ್ವಿಯ ಅಕ್ಕಿ ಗಿರಣಿಗಳಲ್ಲಿ ಚೀಲ ಹೊತ್ತ. ಅವ್ವ ವೆಂಕಮ್ಮ ಕಾಲುವೆ ನೀರಿನ ಗದ್ದೆಗಳಲ್ಲಿ ಬಗ್ಗಿ ನಾಟಿ ಹಚ್ಚಿದಳು. ಮೇಘಾ ಹತ್ತು ವರ್ಷದವಳಿದ್ದಾಗ ಹಾಸ್ಟೆಲಿಗೆ ಸೇರಿಸಲು ಅವ್ವ ಕರೆದೊಯ್ದಿದ್ದಳು. ಅಲ್ಲಿ ಕುಳಿತಿದ್ದ ಗುಮಾಸ್ತ ಅವ್ವನ ಮುಖವನ್ನೇ ನೋಡಲಿಲ್ಲ. ಆಕೆಯ ಕೈ ಹಿಡಿದೆಳೆದು, ಹೆಬ್ಬೆಟ್ಟನ್ನು ಮಸಿಯಲ್ಲಿ ಅದ್ದಿ, ಕಾಗದದ ಮೇಲೆ ತಿರುವಿ ಒತ್ತಿ, ಕೈಯನ್ನು ರಬ್ಬರ್ ಮುದ್ರೆ ಬಿಸಾಡಿದ ಹಾಗೆ ಬಿಟ್ಟುಬಿಟ್ಟ. ಹೊರಗೆ ಬಂದ ಅವ್ವ ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡಳು.

“ಯವ್ವಾ, ಕೂದ್ಲಿಗೆ ಯಾಕ ಒರಸ್ಕಂತಿ?”

“ಕೂದ್ಲಾಗ ಕಾಣಂಗಿಲ್ಲ ಬಿಡು.”

ಆ ಮಾತು ಮೇಘಾಳ ಎದೆಯಲ್ಲಿ ಕೂತುಬಿಟ್ಟಿತು. ಮುಂದೆ ಎಲ್ಲೇ ಮಸಿಯ ಡಬ್ಬಿ ಕಂಡರೂ ಅವಳ ಮೈ ಉರಿಯುತ್ತಿತ್ತು.

ಈ ಸಲದ ಅನುದಾನ ಪರದೇಶದ ಒಂದು ಪ್ರತಿಷ್ಠಾನದ್ದು. ಅಭಿವೃದ್ಧಿಶೀಲ ದೇಶಗಳ ಪ್ರಾಥಮಿಕ ಶಿಕ್ಷಣವನ್ನು ಬುಡದಿಂದ ಬದಲಾಯಿಸಬೇಕು ಎಂದು ಅವರಿಗೆ ಆಸೆ. ಒಳ್ಳೆಯ ಆಸೆಯೇ, ಯಾರು ಬೇಡ ಎನ್ನುತ್ತಾರೆ! ಆದರೆ ಫಾರ್ಮಿನ ಮೊದಲ ಪ್ರಶ್ನೆ ಹೀಗಿತ್ತು: ನಿಮ್ಮ ದೇಶದ ಶಿಕ್ಷಣ ವ್ಯವಸ್ಥೆಯ ಸಮಸ್ಯೆಯನ್ನು ಇನ್ನೂರೈವತ್ತು ಪದಗಳಲ್ಲಿ ವಿವರಿಸಿ. ಇಡೀ ದೇಶಕ್ಕೆ ಇನ್ನೂರೈವತ್ತು ಪದ! ನಮ್ಮ ಮದುವೆ ಪತ್ರಿಕೆಯಲ್ಲಿ ಬಂಧುಗಳ ಹೆಸರಿಗೇ ಅದಕ್ಕಿಂತ ಹೆಚ್ಚು ಬೇಕು. ಮೇಘಾ ಹಲ್ಲು ಕಚ್ಚಿಕೊಂಡು ಬರೆದಳು. ಆಮೇಲೆ ಅಸಲು ವಿಷಯಕ್ಕೆ ಬಂದಳು. ದೇವದುರ್ಗ ತಾಲ್ಲೂಕಿನ ಆರು ದೊಡ್ಡಿಗಳಲ್ಲಿ ಐದನೆಯ ತರಗತಿಯವರೆಗೆ ಮಾತ್ರ ಶಾಲೆ ಇದೆ. ಅನುದಾನ ಸಿಕ್ಕರೆ ಅಲ್ಲೇ ಆರು, ಏಳನೆಯ ತರಗತಿ ತೆರೆದು ಒಂದೊಂದು ದೊಡ್ಡಿಗೂ ಇಬ್ಬರು ಶಿಕ್ಷಕರನ್ನು ಇಡಬಹುದು.

ದೊಡ್ಡಿ ಅಂದರೆ ಮೊದಲು ಕುರಿ ಕೂಡಿಹಾಕುವ ಜಾಗ. ಮಾಳಿಂಗಪ್ಪ ಎಂಬ ಯಾರೋ ಮುತ್ತಜ್ಜ ಮುಳ್ಳುಬೇಲಿ ಕಟ್ಟಿ ಕುರಿ ಕೂಡಿಹಾಕಿದ. ಅವನ ಮಕ್ಕಳು, ಮೊಮ್ಮಕ್ಕಳು ಅಲ್ಲೇ ಮನೆ ಕಟ್ಟಿದರು. ಈಗ ನಲವತ್ತು ಮನೆಗಳಾಗಿ ಅದು ಮಾಳಿಂಗಪ್ಪನ ದೊಡ್ಡಿ. ಒಂದು ಕೋಣೆಯ ಶಾಲೆ ಇದೆ. ಆರನೆಯ ತರಗತಿ ಬೇಕಾದರೆ ಕಾಲುವೆ ದಂಡೆ ಹಿಡಿದು ಐದು ಕಿಲೋಮೀಟರ್ ನಡೆಯಬೇಕು. ಬಸ್ಸಿಲ್ಲ. ಹುಡುಗರು ಹೇಗೋ ಸೈಕಲ್ ತುಳಿದು ಹೋಗುತ್ತಾರೆ. ಹುಡುಗಿಯರಲ್ಲಿ ಐದನೆಯದನ್ನು ದಾಟಿದವಳು ಇವತ್ತಿನ ತನಕ ಒಬ್ಬಳೂ ಇಲ್ಲ. ಒಬ್ಬಳೂ! ಮಾರ್ಚ್ ತಿಂಗಳಲ್ಲಿ ಐದನೆಯದು ಮುಗಿಯಿತೆಂದರೆ ಏಪ್ರಿಲ್ಲಿನಲ್ಲಿ ಕೈಗೆ ಕೋಲು ಬರುತ್ತದೆ, ಕುರಿಯ ಹಿಂದೆ ನಡೆಯಬೇಕು.

ಆ ವರ್ಷ ಸರದಿ ಭಾಗ್ಯಜ್ಯೋತಿಯದು. ಅವಳ ಅವ್ವ ಅಯ್ಯಮ್ಮ, ಮೇಘಾಳ ವಯಸ್ಸಿನವಳೇ, ದೊಡ್ಡಿಯ ಹೆಂಗಸರೆಲ್ಲ ಅವಳ ಮಾತು ಕೇಳುತ್ತಿದ್ದರು. ಜನವರಿಯಲ್ಲಿ ಮೇಘಾ ಹೋಗಿ ಬೇವಿನ ಮರದ ಕೆಳಗೆ ಎಲ್ಲರನ್ನೂ ಕೂಡಿಸಿ ವಿಷಯ ಹೇಳಿದಾಗ ಅಯ್ಯಮ್ಮ ಕೇಳಿದ್ದು ಒಂದೇ ಪ್ರಶ್ನೆ.

“ಟೀಚರ್, ನಮ್ಮ ಭಾಗ್ಯ ಆರನೇತ್ತ ಇಲ್ಲೇ ಓದ್ತಾಳೇನ್ರಿ?”

“ಅನುದಾನ ಬಂದ್ರ ಓದ್ತಾಳ. ಅದಕ್ಕ ನೀವೆಲ್ಲಾ ತಾಯಂದಿರು ಒಪ್ಪಿಗಿ ಕೊಡಬೇಕು. ಒಂದು ಹಾಳಿ ತರ್ತೀನಿ.”

“ಹಾಳಿ ಮ್ಯಾಲೆ ಏನು ಮಾಡಬೇಕ್ರಿ?”

“ಸೈನ್ ಬಂದ್ರ ಸೈನ್. ಇಲ್ಲಾಂದ್ರ ಹೆಬ್ಬೆಟ್ಟು.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಹಿಳಾ ಸಂಘದ ದುಡ್ಡಿಗೆಂದು ಬ್ಯಾಂಕಿಗೆ ಹೋದಾಗ ಅಲ್ಲಿಯವನೂ ಮುಖ ನೋಡದೆ ಡಬ್ಬಿಯನ್ನು ಮುಂದೆ ತಳ್ಳುತ್ತಿದ್ದ.

“ಎಷ್ಟು ದಿನ ಅದ ಟೀಚರ್?” ಎಂದಳು ಅಯ್ಯಮ್ಮ.

“ಮೂರು ವಾರ.”

“ಹಂಗಾದ್ರ ಮಸಿ ಡಬ್ಬಿ ತರಬ್ಯಾಡ್ರಿ. ಮಕ್ಕಳಿಗೆ ಅಕ್ಷರ ಕೊಡ್ರಿ ಅಂತ ಕೇಳೋ ಹಾಳಿ ಅದು. ಅದರ ಮ್ಯಾಲೆ ಹೆಬ್ಬೆಟ್ಟು ಒತ್ತಿದ್ರ ಛಂದ ಕಾಣಂಗಿಲ್ಲ.”

ಮೂರು ವಾರ ದೊಡ್ಡಿಯಲ್ಲಿ ನಡೆದದ್ದನ್ನು ಮೇಘಾ ಆಮೇಲೆ ಕೇಳಿ ತಿಳಿದಳು. ಭಾಗ್ಯಜ್ಯೋತಿ ಮನೆಮನೆಯಿಂದ ಹಳೆಯ ಮದುವೆ ಪತ್ರಿಕೆ ಕೂಡಿಸಿದಳು. ಅವುಗಳ ಖಾಲಿ ಬೆನ್ನಿನ ಮೇಲೆ ಒಬ್ಬೊಬ್ಬರ ಹೆಸರನ್ನು ದಪ್ಪಗೆ ಬರೆದು ಹಂಚಿದಳು. ಹೆಂಗಸರು ಅದನ್ನು ಕುಪ್ಪಸದಲ್ಲಿ ಇಟ್ಟುಕೊಂಡು ತಿರುಗಿದರು. ಕುರಿ ಮೇಯಿಸುವಾಗ ಕೋಲಿನಿಂದ ನೆಲದ ಮೇಲೆ, ರೊಟ್ಟಿ ಬಡಿಯುವಾಗ ಪರಾತದ ಹಿಟ್ಟಿನ ಮೇಲೆ, ಬಟ್ಟೆ ಒಗೆಯುವಾಗ ಕಾಲುವೆಯ ಒದ್ದೆ ಮಣ್ಣಿನ ಮೇಲೆ ಬರೆದದ್ದೇ ಬರೆದದ್ದು. ಎಪ್ಪತ್ತು ದಾಟಿದ ಬಸ್ಸಮ್ಮ ಮಾತ್ರ ದಿನಾ ಬೈಯುತ್ತಿದ್ದಳಂತೆ, ಇಂಥ ತೊಡಕಿನ ಹೆಸರು ಬಿಟ್ಟು ನಮ್ಮಪ್ಪಗ ಬ್ಯಾರೆ ಸಿಗಲಿಲ್ಲೇನು, ಸಾಯೋ ಕಾಲಕ್ಕ ನನಗ ಈ ಗತಿ ತಂದಿಟ್ಟ ಅಂತ. ಬೈಯುತ್ತ ಬೈಯುತ್ತಲೇ ಕಲಿತಳು.

“ನಾನೂರು ಕುರಿಯಾಗ ನಂದು ಯಾವುದು ಅಂತ ಕಿವಿಯ ಕತ್ತರಿ ಗುರ್ತು ನೋಡಿ ಹೇಳ್ತೀನಿ,” ಎಂದಿದ್ದಳು ಅಯ್ಯಮ್ಮ. “ನನ್ನ ಹೆಸರು ನನಗ ಗುರ್ತು ಸಿಗಂಗಿಲ್ಲೇನು?”

ಸಭೆಯ ದಿನ ಸಹಿ ಮಾಡುವುದಕ್ಕೇ ಎರಡೂವರೆ ತಾಸು ಹಿಡಿಯಿತು. ನಲವತ್ತೊಂದು ತಾಯಂದಿರಲ್ಲಿ ಮೂವರು ಕುರಿಗಳ ಸಂಗಡ ಮಾನ್ವಿ ಕಡೆಯ ಕೊಯ್ದ ಗದ್ದೆಗಳಿಗೆ ಹೋಗಿದ್ದರು. ಉಳಿದ ಮೂವತ್ತೆಂಟು ಮಂದಿಯೂ ಸಹಿ ಮಾಡಿದರು. ಕೆಲವರ ಅಕ್ಷರ ಗೆರೆ ಬಿಟ್ಟು ಮೇಲಕ್ಕೆ ಹತ್ತಿತ್ತು, ಕೆಲವರದು ಪಕ್ಕದವಳ ಹೆಸರಿನೊಳಗೆ ನುಗ್ಗಿತ್ತು. ಬಸ್ಸಮ್ಮ ಒಂದು ಅಕ್ಷರ ಬಿಟ್ಟು, ನನ್ನ ಹಾಳಿ ಕೆಟ್ಟಿತು ಎಂದು ಕಣ್ಣೀರು ಹಾಕಿದಳು. ಮೇಘಾ ಅದರ ಮಗ್ಗುಲಲ್ಲೇ ಜಾಗ ತೋರಿಸಿ ಇನ್ನೊಮ್ಮೆ ಬರೆಸಿದಳು. ಅಂದು ಬಸ್ಸಿನಲ್ಲಿ ವಾಪಸ್ ಬರುವಾಗ ಆ ಹಾಳೆಗಳನ್ನು ಮಡಚಲು ಮನಸ್ಸು ಬರದೆ ರಾಯಚೂರಿನ ತನಕ ತೊಡೆಯ ಮೇಲೆ ಹಿಡಿದುಕೊಂಡೇ ಕೂತಿದ್ದಳು.

ಸಂಸ್ಥೆಯ ಕಾರ್ಯದರ್ಶಿ ಪ್ರಭುರಾಜ. ಅವನೂ ದೇವದುರ್ಗ ಕಡೆಯ ಕುರುಬರ ಮನೆಯವನೇ. ಓದಿ, ನಗರ ಸೇರಿ, ಈಗ ಇಸ್ತ್ರಿ ಅಂಗಿ ತೊಟ್ಟು ಬೆಂಗಳೂರಿನ ಸಭೆಗಳಿಗೆ ಓಡಾಡುವವನು. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಸಿಟ್ಟು ಮಾಡಿಕೊಳ್ಳುವುದು ಸುಲಭವಿತ್ತು. ಹಾಳೆಗಳನ್ನು ತಿರುವಿ ನೋಡಿ ಅವನು ಹಣೆ ಒತ್ತಿಕೊಂಡ.

“ಏನಿದು ಮೇಘಾ? ಎಲ್ಲಾರೂ ಸೈನ್ ಮಾಡ್ಯಾರಲ್ಲ!”

“ಹೌದು ಸರ್, ಮೂರೇ ವಾರದಾಗ ಕಲ್ತಾರ.”

“ಮುಂದಿನ ಪುಟದಾಗ ನಾವೇ ಬರದೀವಿ, ಈ ದೊಡ್ಡಿಯಾಗ ಅಕ್ಷರ ಬಲ್ಲ ಹೆಣ್ಮಕ್ಕಳು ನೂರಕ್ಕ ಒಂಬತ್ತು ಅಂತ. ಹಿಂದಿನ ಪುಟದಾಗ ಮೂವತ್ತೆಂಟು ಸೈನ್. ಅಲ್ಲಿ ಕುಂತು ಓದೋರು ಏನು ತಿಳ್ಕೋಬೇಕು?”

“ಹೆಸರು ಬರಿಯಾಕ ಬರ್ತದ, ಓದಾಕ ಬರಂಗಿಲ್ಲ ಅಂತ ಬರಿಯೋಣ ಸರ್. ಅದು ಖರೇನ ಅದಲ್ಲ?”

“ಎಲ್ಲಿ ಬರೀತೀರಿ? ಫಾರ್ಮಿನಾಗ ಅದಕ್ಕ ಜಾಗನ ಇಲ್ಲ.” ಅವನು ಮೇಜಿನ ಖಾನೆ ಎಳೆದು ಮಸಿಯ ಡಬ್ಬಿ ತೆಗೆದ. “ಉಳಿದ ಐದು ದೊಡ್ಡಿಯವರು ಒತ್ತಿ ಕೊಟ್ಟಾರ. ಇಲ್ಲೂ ಇನ್ನೊಂದು ಹಾಳಿ ಮಾಡಿಸಿಕೊಂಡು ಬರ್ರಿ. ಹಂಗೇ ಒಂದು ಫೋಟೋ. ಮಸಿ ಹತ್ತಿದ ಬೆರಳು ಚಲೋ ಕಾಣಬೇಕು.”

“ಸೈನ್ ಕಲ್ತೋರ ಕಡಿಂದ ಹೆಬ್ಬೆಟ್ಟು ಒತ್ತಿಸ್ಲೇನು ಸರ್? ನಾಚಿಕಿ ಆಗ್ತದ ನನಗ.”

“ನಮ್ಮವ್ವ ಹೆಬ್ಬೆಟ್ಟು ಒತ್ತಿದ್ದಕ್ಕ ನನಗ ಸ್ಕಾಲರ್‌ಶಿಪ್ ಬಂತು. ನಾಚಿಕಿ ನಿಮಗದ ಮೇಘಾ, ಅವರಿಗಿಲ್ಲ.”

ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು ಹೊರಬಿದ್ದಾಗ ಮೇಘಾಳ ಕಿವಿಗಳು ಬಿಸಿಯಾಗಿದ್ದವು. ಅಲ್ಲ, ಇದೆಂಥ ಲೆಕ್ಕ! ಕಲಿಸುತ್ತೇವೆ ಎಂದು ಅರ್ಜಿ ಹಾಕುವವರು, ಕಲಿತವರನ್ನು ಕಲಿಯದವರ ಹಾಗೆ ತೋರಿಸಿ ಅಂತ ಹೇಳುವುದೇ? ಒಂದು ಕಾಸಿನ ಅನುದಾನ ಇಲ್ಲದೆ, ಒಬ್ಬ ತಜ್ಞ ಕಾಲಿಡದೆ, ಐದನೆಯ ತರಗತಿಯ ಹುಡುಗಿಯೊಬ್ಬಳು ಮೂವತ್ತೆಂಟು ಮಂದಿಗೆ ಕಲಿಸಿದ್ದಾಳೆ. ನಿಜವಾಗಿ ಅದನ್ನಲ್ಲವೇ ಮುಖಪುಟದ ಮೇಲೆ ಹಾಕಬೇಕಾದದ್ದು? ಇವರಿಗೆ ಬೇಕಾದದ್ದು ಬೆರಳಂತೆ, ಮಸಿ ಹತ್ತಿದ ಬೆರಳು!

ಮರುದಿನ ಬೆಳಿಗ್ಗೆ ದೇವದುರ್ಗದ ಬಸ್ಸು ಹತ್ತಿದಳು. ಬಸ್ ನಿಲ್ದಾಣದಲ್ಲಿ ಇಳಿದು ಕಲ್ಲುಬೆಂಚಿನ ಮೇಲೆ ಕೂತಳು. ದೊಡ್ಡಿಯ ಕಡೆ ಹೋಗುವ ಆಟೋದವನು ಎರಡು ಸಲ ಕರೆದ. ಬಸ್ಸಮ್ಮನ ಮುಂದೆ ಹೋಗಿ, ಅಜ್ಜಿ, ನೀ ಬರೆದ ಹೆಸರು ನಡೆಯುವುದಿಲ್ಲ, ಬೆರಳು ಕೊಡು ಎಂದು ಯಾವ ಬಾಯಲ್ಲಿ ಹೇಳುವುದು? ಕೂದಲಿಗೆ ಬೆರಳು ಒರೆಸಿಕೊಂಡ ಅವ್ವ ಕಣ್ಣ ಮುಂದೆ ಬಂದಳು. ನನ್ನಿಂದ ಆಗುವುದಿಲ್ಲ, ಆಗದು ಅಂದರೆ ಆಗದು ಎಂದುಕೊಂಡು, ಮೂರನೆಯ ಸಲ ಆಟೋದವನು ಕರೆಯುವ ಮೊದಲೇ ಎದ್ದು ರಾಯಚೂರಿನ ಬಸ್ಸು ಹತ್ತಿಬಿಟ್ಟಳು.

ಅರ್ಜಿ ಸಲ್ಲಿಸಲು ಸೋಮವಾರ ಸಂಜೆ ಐದು ಗಂಟೆ ಕಡೆಯ ಗಡುವು. ಪ್ರಭುರಾಜ ಬೆಂಗಳೂರಿಗೆ ಹೋಗಿದ್ದ. ಕಂಪ್ಯೂಟರಿನ ಮುಂದೆ ಇದ್ದವಳು ಮೇಘಾ ಒಬ್ಬಳೇ. ಸಹಿ ಮಾಡಿದ ಹಾಳೆಗಳನ್ನೇ ಸ್ಕ್ಯಾನ್ ಮಾಡಿ ಏರಿಸಿದಳು. ಫಾರ್ಮಿನಲ್ಲಿ ಜಾಗ ಇಲ್ಲ ಎಂದನಲ್ಲ? ಜಾಗ ತಾನೇ ಮಾಡಿದಳು. ದೇಶದ ಸಮಸ್ಯೆಗೆ ಕೊಟ್ಟ ಇನ್ನೂರೈವತ್ತು ಪದಗಳಲ್ಲಿ ಐವತ್ತನ್ನು ಅಳಿಸಿ, ಮಾಳಿಂಗಪ್ಪನ ದೊಡ್ಡಿಯ ಹೆಂಗಸರು ತಮ್ಮ ಹೆಸರು ಬರೆಯಲು ಹೇಗೆ ಕಲಿತರು, ಓದಲು ಮಾತ್ರ ಇನ್ನೂ ಬಾರದು ಎಂದು ಬರೆದಳು. ದೇಶಕ್ಕೆ ಇನ್ನೂರು ಪದ ಸಾಕು, ಸಾಯಲಿ! ನಾಲ್ಕೂ ಮುಕ್ಕಾಲಿಗೆ ಪ್ರಭುರಾಜನ ಫೋನ್ ಬಂತು.

“ಆತೇನ್ರಿ?”

“ಆತು ಸರ್.”

ಆ ಸಂಜೆ ಅವಳಿಗೆ ಎದೆ ಹಗುರವಾಗಿತ್ತು. ಓಣಿಯ ತುದಿಯಲ್ಲಿ ನಿಂತು ಎರಡು ಪ್ಲೇಟ್ ಮಿರ್ಚಿ ಭಜಿ ತಿಂದಳು. ಬದುಕಿನಲ್ಲಿ ಒಂದು ಸಲವಾದರೂ ಆ ಹಾಸ್ಟೆಲಿನ ಗುಮಾಸ್ತನಿಗೆ ತಿರುಗಿ ಉತ್ತರ ಕೊಟ್ಟೆ ಎನ್ನಿಸಿತ್ತು.

ಏಪ್ರಿಲ್ ಕೊನೆಗೆ ಜವಾಬು ಬಂತು. ಪ್ರಭುರಾಜ ಕೂಗಾಡಲಿಲ್ಲ. ಕಂಪ್ಯೂಟರ್ ಪರದೆಯನ್ನು ಅವಳ ಕಡೆ ತಿರುಗಿಸಿದ. ಆರರಲ್ಲಿ ಐದು ದೊಡ್ಡಿಗಳು ಆಯ್ಕೆಯಾಗಿದ್ದವು. ಆರನೆಯದರ ಮುಂದೆ ಒಂದು ಸಾಲು ಇತ್ತು: ಮಹಿಳಾ ಸಾಕ್ಷರತೆಯ ಅಂಕಿಗೂ ಲಗತ್ತಿಸಿದ ದಾಖಲೆಗೂ ಹೊಂದಾಣಿಕೆ ಇಲ್ಲ, ಪರಿಗಣಿಸಲಾಗಿಲ್ಲ. ಅವಳು ಬರೆದ ಐವತ್ತು ಪದಗಳನ್ನು ಯಾರೂ ಓದಿರಲಿಲ್ಲ, ಅಥವಾ ಓದಿಯೂ ಕಿವಿಗೆ ಹಾಕಿಕೊಂಡಿರಲಿಲ್ಲ.

“ನಿಮ್ಮನ್ನ ಕೆಲಸದಿಂದ ತೆಗಿಯಂಗಿಲ್ಲ,” ಎಂದ ಪ್ರಭುರಾಜ. “ಆದ್ರ ಆ ದೊಡ್ಡಿಗೆ ನೀವೇ ಹೋಗಿ ಹೇಳ್ರಿ. ನನ್ನಿಂದ ಆಗಂಗಿಲ್ಲ.”

ಬೇರೆ ದಿನವಾಗಿದ್ದರೆ ಮೇಘಾ ಅವನ ಮೇಲೆ ಹರಿಹಾಯುತ್ತಿದ್ದಳು. ಅಂದು ಎಲ್ಲ ಸಿಟ್ಟನ್ನೂ ಆ ಪರದೇಶದವರ ಮೇಲೆ ಹೊರಿಸಿ ದೇವದುರ್ಗಕ್ಕೆ ಹೊರಟಳು. ಹೆಸರು ಬರೆಯಲು ಕಲಿತದ್ದು ತಪ್ಪಾಯಿತೇ? ಕುಂಟುವವನು ನಾಲ್ಕು ಹೆಜ್ಜೆ ನಡೆದ ಅಂತ ಅವನ ಕೋಲು ಕಿತ್ತುಕೊಳ್ಳುತ್ತಾರೆಯೇ ಯಾರಾದರೂ? ದಾರಿಯುದ್ದಕ್ಕೂ ಈ ಮಾತುಗಳನ್ನೇ ಜೋಡಿಸಿಕೊಂಡಳು. ದೊಡ್ಡಿಯ ಹೆಂಗಸರೂ ತನ್ನ ಸಂಗಡ ಆ ಪ್ರತಿಷ್ಠಾನಕ್ಕೆ ಶಾಪ ಹಾಕುತ್ತಾರೆ, ನಮ್ಮ ಮಾನ ಉಳಿಸಿದಿ ಎಂದು ತನ್ನ ಕೈ ಹಿಡಿಯುತ್ತಾರೆ ಎಂದೇ ಅವಳ ನಂಬಿಕೆ.

ದೊಡ್ಡಿಯಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು. ಅಯ್ಯಮ್ಮ ಬೇವಿನ ನೆರಳಲ್ಲಿ ಕೂತು ಮರಿಯೊಂದರ ಮುರಿದ ಕಾಲಿಗೆ ಬಟ್ಟೆ ಸುತ್ತುತ್ತಿದ್ದಳು. ಬಸ್ಸಮ್ಮ, ಇನ್ನೂ ಏಳೆಂಟು ಹೆಂಗಸರು ಮೇಘಾಳನ್ನು ಕಂಡು ಹತ್ತಿರ ಬಂದರು. ಭಾಗ್ಯಜ್ಯೋತಿ ಕಾಣಲಿಲ್ಲ.

“ಕುರಿ ಹೊಡ್ಕೊಂಡು ಹೋಗ್ಯಾಳ,” ಎಂದಳು ಅಯ್ಯಮ್ಮ. “ಜೂನ್ ತನ ಅಷ್ಟ. ಸಾಲಿ ಯಾವಾಗಿಂದ ಟೀಚರ್?”

ಮೇಘಾ ಎಲ್ಲವನ್ನೂ ಹೇಳಿದಳು. ಐದು ದೊಡ್ಡಿಗೆ ಬಂತು, ನಿಮಗೆ ಬರಲಿಲ್ಲ ಎಂದಳು. ಯಾಕೆ ಬರಲಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಮಸಿಯ ಡಬ್ಬಿ, ಪ್ರಭುರಾಜ ಹೇಳಿದ್ದು, ತಾನು ಅರ್ಧ ದಾರಿಯಿಂದ ತಿರುಗಿ ಹೋದದ್ದು, ಎಲ್ಲ ಹೇಳಿದಳು. ಹೇಳಿ ಮುಗಿಸಿದಾಗ ಅಯ್ಯಮ್ಮನ ಕೈ ಮರಿಯ ಕಾಲಿನ ಮೇಲೆ ನಿಂತುಹೋಗಿತ್ತು.

“ಮಸಿ ಡಬ್ಬಿ ತಗೊಂಡು ದೇವದುರ್ಗದ ತನ ಬಂದಿದ್ದಿ?”

“ಬಂದಿದ್ದೆ.”

“ಇಲ್ಲಿಗೆ ಯಾಕ ಬರ್ಲಿಲ್ಲ?”

“ನಿಮ್ಮ ಕಡಿಂದ ಹೆಂಗ ಒತ್ತಿಸ್ಲಿ ಅಯ್ಯಮ್ಮಾ? ಅಷ್ಟು ಕಷ್ಟಬಿದ್ದು ಕಲ್ತೀರಿ. ನಿಮ್ಮ ಮಾನ…”

“ನಮ್ಮ ಮಾನದ ಉಸಾಬರಿ ನಿನಗ ಯಾರು ಕೊಟ್ರು?” ಅಯ್ಯಮ್ಮ ಎದ್ದು ನಿಂತಳು. ಬಹುವಚನ ಹೋಗಿಬಿಟ್ಟಿತ್ತು. “ಕೇಳಬೇಕಿತ್ತಲ್ಲ ನೀ! ಒಂದು ಮಾತು ಕೇಳಬೇಕಿತ್ತು. ನನ್ನ ಮಗಳ ಸಾಲಿ ಬರ್ತದಂದ್ರ ಹತ್ತೂ ಬೆರಳು ಒತ್ತುತ್ತಿದ್ದೆ. ಕಾಲಿನ ಬೆರಳೂ ಒತ್ತುತ್ತಿದ್ದೆ. ಇಲ್ಲಾ ಅಂದ್ರ ಆ ಡಬ್ಬಿ ಎತ್ತಿ ಕಾಲುವಿಗೆ ಒಗಿತಿದ್ದೆ. ಏನು ಮಾಡಿದ್ರೂ ನಾ ಮಾಡ್ತಿದ್ದೆ. ಅವ ಆಫೀಸಿನಾಗ ಕುಂತು, ನಮ್ಮನ್ನ ಕೇಳಲಾರದ ಒತ್ತಿಸು ಅಂದ. ನೀ ಬಸ್‌ಸ್ಟ್ಯಾಂಡಿನಾಗ ಕುಂತು, ನಮ್ಮನ್ನ ಕೇಳಲಾರದ ಬ್ಯಾಡ ಅಂದಿ. ನಿಮ್ಮಿಬ್ಬರಿಗೂ ಏನು ಫರಕ್ ಅದ?”

ಯಾರೂ ಅಯ್ಯಮ್ಮನನ್ನು ತಡೆಯಲಿಲ್ಲ. ಮೇಘಾಗೆ ಮೊದಲು ಬಂದದ್ದು ಸಿಟ್ಟೇ. ನಿಮಗಾಗಿ ಕೆಲಸವನ್ನೇ ಪಣಕ್ಕಿಟ್ಟೆನಲ್ಲ ಎಂದು ನಾಲಗೆಯ ತುದಿಗೆ ಬಂತು. ಆದರೆ ಆ ಮಾತು ಹೊರಬೀಳಲಿಲ್ಲ. ನಿಮಗಾಗಿ ಎಲ್ಲಿ ಬಂತು? ಆ ದಿನ ದೇವದುರ್ಗದ ಬೆಂಚಿನ ಮೇಲೆ ಕೂತಾಗ ಅವಳ ಕಣ್ಣ ಮುಂದೆ ಇದ್ದದ್ದು ತನ್ನ ಅವ್ವ. ಅಯ್ಯಮ್ಮನಲ್ಲ, ಭಾಗ್ಯಜ್ಯೋತಿಯಂತೂ ಅಲ್ಲವೇ ಅಲ್ಲ. ತನ್ನ ಹಳೆಯ ಗಾಯಕ್ಕೆ ಮುಲಾಮು ಹಚ್ಚಿಕೊಳ್ಳಲು ಹೋಗಿ ಒಬ್ಬ ಹುಡುಗಿಯ ಆರನೆಯ ತರಗತಿಯನ್ನು ಕಳೆದುಹಾಕಿದ್ದಳು. ಇಷ್ಟು ವರ್ಷ ಊರಿನ ಮೇಲೆಲ್ಲ ಕಾರಿದ ಸಿಟ್ಟು ಈಗ ತಿರುಗಿ ಅವಳ ಮೇಲೇ ಬಂತು.

“ತಪ್ಪಾತು,” ಎಂದಳು.

“ಆತು. ಕುಂದ್ರು,” ಎಂದಳು ಅಯ್ಯಮ್ಮ. ಸಮಾಧಾನದ ದನಿ ಅದಾಗಿರಲಿಲ್ಲ. “ಹಾಳಿ ಅದೇನು ನಿನ್ನ ಹಂತ್ಯಾಕ? ದೇವದುರ್ಗದಾಗ ಸಾಲಿ ನೋಡಿಕೊಳ್ಳೋ ಸಾಹೇಬರಿಗೆ ಬರಿ. ಪರದೇಶದವರು ಕೊಡಲಿಲ್ಲಂದ್ರ ನಮ್ಮ ಸರಕಾರ ಏನು ಸತ್ತದೇನು?”

ಮೇಘಾ ನೆಲದ ಮೇಲೆ ಕೂತು, ತೊಡೆಯ ಮೇಲೆ ಬ್ಯಾಗು ಇಟ್ಟುಕೊಂಡು, ಅದರ ಮೇಲೆ ಹಾಳೆ ಹಾಸಿದಳು. ಪೆನ್ನು ತಾನಾಗಿಯೇ ಓಡಿತು. ಎಷ್ಟು ವರ್ಷದ ರೂಢಿ! ಎರಡು ಸಾಲು ಆಗುವಷ್ಟರಲ್ಲಿ ಅಯ್ಯಮ್ಮ ಬಗ್ಗಿ ನೋಡಿದಳು.

“ನಾ ಇನ್ನೂ ಬಾಯಿ ತೆರೆದಿಲ್ಲ. ಏನು ಬರದಿ? ಓದು.”

“ಮಾನ್ಯರೇ, ಈ ಮೂಲಕ ತಮ್ಮ ಪಾದಾರವಿಂದಗಳಲ್ಲಿ ಸವಿನಯವಾಗಿ ಪ್ರಾರ್ಥಿಸಿಕೊಳ್ಳುವುದೇನೆಂದರೆ…”

“ಯಾರ ಪಾದ? ಹಂಗ ಯಾರು ಅಂದ್ರು?”

“ಯಾರೂ ಅಂದಿಲ್ಲ. ಹಂಗ ಬರಿಯೋ ಪದ್ಧತಿ ಅದ.”

“ನಾ ಅಂದಿಲ್ಲ. ಹೊಡಿ ಅದನ್ನ.”

ಮೇಘಾ ಆ ಎರಡು ಸಾಲಿನ ಮೇಲೆ ಅಡ್ಡಗೆರೆ ಎಳೆದಳು. ಹೆಂಗಸರು ಹತ್ತಿರ ಸರಿದು ಕೂತರು.

“ಈಗ ಬರಿ. ಮಾಳಿಂಗಪ್ಪನ ದೊಡ್ಡಿಯಾಗ ಆರನೇತ್ತ ಇಲ್ಲ. ಹದಿನಾಲ್ಕು ಹುಡುಗ್ಯಾರು ಕುರಿ ಹಿಂದ ಹೋಗ್ಯಾರ. ಸಾಲಿ ತೆರೆಯೋದ್ರಾಗ ಮಾಸ್ತರು ಬರಬೇಕು. ಬರ್ಲಿಲ್ಲಂದ್ರ ನಾವು ನಾನೂರು ಕುರಿ ಹೊಡ್ಕೊಂಡು ನಿಮ್ಮ ಆಫೀಸಿಗೆ ಬರ್ತೀವಿ. ಕುರಿ ಮೇಯೋತನ ನಾವು ಅಲ್ಲೇ ಕುಂದರ್ತೀವಿ.”

“ನಾನೂರಲ್ಲ, ಆರುನೂರು ಅಂತ ಹಾಕು,” ಎಂದಳು ಬಸ್ಸಮ್ಮ. “ನನ್ನವು ಬಿಟ್ಟಾಳ.”

ಮೇಘಾ ಹೇಳಿದ್ದನ್ನು ಹೇಳಿದ ಹಾಗೇ ಬರೆದಳು. ಒಂದು ಮಾತನ್ನೂ ತಿದ್ದಲಿಲ್ಲ. ಬರೆದು ಮುಗಿಸಿ ಪೆನ್ನನ್ನು ಮೇಲೆತ್ತಿ ಹಿಡಿದಳು.

“ಮುಂದ ಏನು ಬರೀಲಿ, ಅಯ್ಯಮ್ಮಾ?” ಎಂದು ಕೇಳಿದಳು.